ಕಲ್ಕತ್ತೆಯ ಅರ್ಧ ಕ್ರೋಶ

ದೊಡ್ಡ ನಗರವೊಂದನ್ನು ನೋಡಹೋಗುವ ಯಾತ್ರಿಕನಿಗೆ ಒಂದು ಬಗೆಯ ಅವಸರವು ಅಂಟಿಕೊಂಡೇ ಇರುವುದು. ನೋಡತಕ್ಕ ಸ್ಥಳಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಒಂದೊಂದಕ್ಕೂ ಗುರುತು ಹಾಕುತ್ತ, ಸಂಜೆಗೆ ಕಾಲು ಬಾತು ವಸತಿಗೃಹಕ್ಕೆ ಹಿಂದಿರುಗಿದರೆ ಆ ದಿನವು ಸಾರ್ಥಕವಾಯಿತೆಂದೇ ಅವನ ಎಣಿಕೆ. ೨೦೦೧ರಿಂದ ಕೋಲ್ಕತ ಎಂಬ ಹೆಸರನ್ನು ಪಡೆದಿದ್ದರೂ ನಮ್ಮ ಹಿರಿಯರ ಬಾಯಲ್ಲಿ ಕಲ್ಕತ್ತೆಯಾಗಿಯೇ ಉಳಿದಿರುವ ನಗರದಲ್ಲಿ ನಾವೂ ಎರಡು ದಿನಗಳನ್ನು ಹೀಗೆ ಕಳೆದೆವು. ಕಾಳೀಘಾಟಿನಲ್ಲಿ ದೇವಿಯ ದರ್ಶನವಾಯಿತು. ೧೯೨೧ರಲ್ಲಿ ತೆರೆದ ವಿಕ್ಟೋರಿಯಾ ಸ್ಮಾರಕವನ್ನೂ ೧೯೪೩ರಲ್ಲಿ ಸಂಚಾರಕ್ಕೆ ತೆರೆದ ಹೌರಾ ಸೇತುವೆಯನ್ನೂ ಕಂಡು ಬೆರಗಾದೆವು. ೨೦೨೪ರಲ್ಲಿ ಆರಂಭವಾದ, ಹೂಗ್ಲಿ ನದಿಯ ತಳದಲ್ಲಿಯೇ ಸಾಗುವ ಮೆಟ್ರೋ ರೈಲಿನಲ್ಲಿ ಮಕ್ಕಳು ಎರಡು ಬಾರಿ ಕುಳಿತರು. ಇವುಗಳನ್ನು ಕುರಿತು ವಾಚಕರು ಬೇಕಾದಷ್ಟು ಓದಿರಬಹುದು. ಮೂರನೆಯ ದಿನ ನಾವು ಕಾಲ್ನಡಿಗೆಯಿಂದ ಕಂಡ ಅರ್ಧ ಕ್ರೋಶದ ಹಳೆಯ ಪೇಟೆಯ ವಿಷಯವನ್ನು ಮಾತ್ರ ಇಲ್ಲಿ ನಿವೇದಿಸಬೇಕೆಂದಿದ್ದೇವೆ.

ಅಂದು ಭಾನುವಾರ. ಸೂರ್ಯೋದಯವಾಗುತ್ತಲೇ ಲಾಲ್‌ಬಜಾರಿನ ಹಿಂಬದಿಯ ಟಿರೆಟ್ಟಾ ಬಜಾರಿಗೆ ಹೋದೆವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವೆನಿಸ್ ನಗರದಿಂದ ಬಂದು ಇಲ್ಲಿ ನೆಲಸಿದ ಎಡ್ವರ್ಡ್ ಟಿರೆಟ್ಟಾ ಎಂಬವನಿಂದ ಪೇಟೆಗೆ ಈ ಹೆಸರಾಯಿತು. ಆದರೆ ಅದನ್ನು ತುಂಬಿದವರು ಚೀನೀಯರು. ವಾರನ್ ಹೇಸ್ಟಿಂಗ್ಸನ ಕಾಲದಲ್ಲಿಯೇ ಅಛೂ ಎಂಬ ಚೀನೀ ವರ್ತಕನು ನಗರದ ಕೆಳಗೆ ನದಿಯ ದಡದಲ್ಲಿ ಸಕ್ಕರೆಯ ಕಾರ್ಖಾನೆಯನ್ನು ಹೂಡಿದನು. ಆ ಊರು ಇಂದಿಗೂ ಅಛೀಪುರವೆನ್ನಿಸಿಕೊಂಡಿದೆ. ಮುಂದೆ ಬಂದವರು ಬಡಗಿಗಳಾಗಿ, ಪಾದರಕ್ಷೆ ಮಾಡುವವರಾಗಿ, ಚರ್ಮ ಹದಮಾಡುವವರಾಗಿ, ದಂತವೈದ್ಯರಾಗಿ ಬಾಳಿದರು. ಬೆಳಗಿನ ಎಂಟು ಗಂಟೆಯೊಳಗಾಗಿ ಇಲ್ಲಿ ರಸ್ತೆಯ ಬದಿಯಲ್ಲಿ ಚೀನೀ ಉಪಾಹಾರದ ಮಾರಾಟವು ಮುಗಿದುಹೋಗುವುದು. ಬಿದಿರಿನ ಹಬೆಪಾತ್ರೆಗಳಿಂದ ಹೊಗೆಯೇಳುತ್ತಿತ್ತು. ಅಲ್ಲಿಯ ತಿನಿಸುಗಳಲ್ಲಿ ಬಹಳವಾದವು ಮಾಂಸದವು. ನಾವು ಕೇಳಿ ತಿಳಿದುಕೊಂಡು, ಅಕ್ಕಿಯ ಹಿಟ್ಟಿನ ಮೇಲೆ ಎಳ್ಳನ್ನು ಹೊದಿಸಿ ಕರಿದ ಸಿಹಿಯುಂಡೆಗಳನ್ನು ಕೊಂಡೆವು. ಮಾರುವವರಲ್ಲಿ ಚೀನೀ ಮುಖಗಳು ಕೆಲವೇ. ಉಳಿದವರು ಆ ಅಡಿಗೆಯನ್ನು ಕಲಿತ ನೆರೆಹೊರೆಯವರು.

ಸಮೀಪದಲ್ಲಿಯೇ ೧೯೦೫ರಲ್ಲಿ ಕಟ್ಟಿದ ಸೀ ಇಪ್ ದೇವಾಲಯವಿದೆ. ಇಲ್ಲಿಯ ಜನರು ಚೀನೀ ಗುಡಿಗಳನ್ನು ಚರ್ಚು ಎಂದು ಕರೆಯುವರು! ಒಳಗಿನ ದೇವತೆ ಕ್ವಾನ್ ಯಿನ್. ಬೌದ್ಧರ ಅವಲೋಕಿತೇಶ್ವರನೇ ಚೀನದಲ್ಲಿ ಈ ಕರುಣಾಮಯಿಯಾದ ತಾಯಿಯಾಗಿ ರೂಪಾಂತರ ಹೊಂದಿದನೆಂದು ತಿಳಿದವರು ಹೇಳುತ್ತಾರೆ. ಮಂಗಳೂರಿನ ಕದ್ರಿಯಲ್ಲಿ ೯೬೮ರಲ್ಲಿ ಆಳುಪ ರಾಜನು ಪ್ರತಿಷ್ಠಿಸಿದ ಲೋಕೇಶ್ವರನ ಕಂಚಿನ ವಿಗ್ರಹವನ್ನು ನೋಡಿದ ವಾಚಕರಿಗೆ, ಆ ಗುಡಿಯ ಧೂಪದ ಹೊಗೆಯ ನಡುವೆ ಹಳೆಯ ಬಳಗವೊಂದು ಕಂಡಂತಾದರೆ ಆಶ್ಚರ್ಯವಿಲ್ಲ.

ಹಾಗಾದರೆ ಚೀನೀಯರೆಲ್ಲರೂ ಎಲ್ಲಿ ಹೋದರು? ಈ ಪ್ರಶ್ನೆಗೆ ಉತ್ತರವು ಸಂತೋಷದ್ದಲ್ಲ. ೧೯೬೨ರಲ್ಲಿ ಚೀನದೊಡನೆ ಯುದ್ಧವಾದಾಗ, ನಮ್ಮ ದೇಶದಲ್ಲಿಯೇ ಹುಟ್ಟಿ ಬೆಳೆದ ಚೀನೀ ಮೂಲದವರ ಮೇಲೂ ಸಂಶಯವು ಬಿದ್ದಿತು. ಅಸ್ಸಾಮು, ಬಂಗಾಳ ಮೊದಲಾದ ಕಡೆಗಳಿಂದ ಸುಮಾರು ೩೦೦೦ ಜನರನ್ನು, ಮುದುಕರು ಮಕ್ಕಳೆನ್ನದೆ, ರಾಜಸ್ಥಾನದ ದೇವಳಿಯ ಶಿಬಿರಕ್ಕೆ ಸಾಗಿಸಿದರು. ಕೆಲವರು ಅಲ್ಲಿ ವರ್ಷಗಟ್ಟಲೆ ಕಳೆದರು. ಬಿಡುಗಡೆಯಾಗಿ ಬಂದವರಲ್ಲಿ ಹಲವರಿಗೆ ಮನೆಯಿರಲಿಲ್ಲ, ಅಂಗಡಿಯಿರಲಿಲ್ಲ. ಮುಂದಿನ ವರ್ಷಗಳಲ್ಲಿ ಸಂಸಾರ ಸಂಸಾರವೇ ಕೆನಡಾ ಮುಂತಾದ ದೇಶಗಳಿಗೆ ಹೊರಟುಹೋಯಿತು. ಎಳ್ಳಿನುಂಡೆಯ ರುಚಿಯನ್ನು ಹೊಗಳುವ ನಾವು ಈ ಸಂಗತಿಯನ್ನೂ ತಿಳಿದಿರಬೇಕು. ತಲೆಮಾರುಗಳಿಂದ ಕಟ್ಟಿದ ನಂಬಿಕೆಯು ಒಂದೇ ಚಳಿಗಾಲದಲ್ಲಿ ಒಡೆಯಬಲ್ಲದು.

ಅಲ್ಲಿಂದ ಪಶ್ಚಿಮಕ್ಕೆ ನಡೆದು ಬ್ರೇಬೋರ್ನ್ ರಸ್ತೆಯನ್ನು ಸೇರಿದೆವು. ಮೂಟೆ ಹೊರುವ ಕೂಲಿಗಳ ಕೂಗು, ಕೈಗಾಡಿಗಳ ಸಾಲು, ಬಳೆ, ಬೀಗ, ಪ್ಲಾಸ್ಟಿಕ್ ಸಾಮಾನುಗಳ ಅಂಗಡಿಗಳು; ಈ ಗದ್ದಲದ ಹಿಂದೆಯೇ ಅರ್ಮೇನಿಯನರ ಇಗರ್ಜಿಯು ಅಡಗಿದೆ. ೧೭೨೪ರಲ್ಲಿ ಕಟ್ಟಿದ ಇದೇ ನಗರದ ಅತ್ಯಂತ ಹಳೆಯ ಇಗರ್ಜಿ. ಅಂಗಳದ ನೆಲವೆಲ್ಲವೂ ಸಮಾಧಿಶಿಲೆಗಳು. ಅವುಗಳಲ್ಲೊಂದನ್ನು ೧೬೩೦ರದೆಂದು ಓದಿದ್ದಾರೆ. ಆ ಓದು ಸರಿಯಾದರೆ, ಜಾಬ್ ಚಾರ್ನಾಕ್ ಎಂಬ ಇಂಗ್ಲೀಷಿನವನು ೧೬೯೦ರಲ್ಲಿ ಇಲ್ಲಿಗೆ ಬಂದು ಇಳಿಯುವುದಕ್ಕೆ ಅರವತ್ತು ವರ್ಷ ಮೊದಲೇ ಪರ್ಷಿಯಾದ ಕಡೆಯ ವರ್ತಕರ ಮನೆಯ ಹೆಣ್ಣುಮಗಳೊಬ್ಬಳು ಈ ಮಣ್ಣಿನಲ್ಲಿ ಮಲಗಿದ್ದಳು. ಇಲ್ಲಿಂದ ಕೆಲವೇ ಹೆಜ್ಜೆಗಳಲ್ಲಿ ೧೭೯೯ರ ಪೋರ್ಚುಗೀಸ್ ಇಗರ್ಜಿ. ಅದರ ಆಚೆಗೆ ಕೆಂಪು ಇಟ್ಟಿಗೆಯ ಎತ್ತರದ ಗೋಪುರವುಳ್ಳ ಇನ್ನೊಂದು ಕಟ್ಟಡ. ಇದೂ ಇಗರ್ಜಿಯೆಂದೇ ನೋಡಿದವರು ತಿಳಿಯುವರು. ಅದು ೧೮೮೪ರಲ್ಲಿ ಕಟ್ಟಿದ ಯೆಹೂದ್ಯರ ಪ್ರಾರ್ಥನಾಮಂದಿರ, ಮಾಗೆನ್ ಡೇವಿಡ್.

ಬಾಗ್ದಾದು, ಅಲೆಪ್ಪೋ ಮೊದಲಾದ ಪಟ್ಟಣಗಳಿಂದ ೧೭೯೮ರ ಸುಮಾರಿನಿಂದ ಬರಲಾರಂಭಿಸಿದ ಯೆಹೂದ್ಯರು ಈ ನಗರದಲ್ಲಿ ರೇಷ್ಮೆ, ನೀಲಿ, ಅಫೀಮುಗಳ ವ್ಯಾಪಾರದಿಂದ ಐಶ್ವರ್ಯವಂತರಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರ ಸಂಖ್ಯೆಯು ಸಾವಿರಗಳಲ್ಲಿದ್ದಿತು. ೧೯೪೬ರ ಗಲಭೆ, ೧೯೪೭ರ ವಿಭಜನೆ, ೧೯೪೮ರಲ್ಲಿ ಇಸ್ರೇಲಿನ ಸ್ಥಾಪನೆ, ಇವುಗಳ ತರುವಾಯ ಒಬ್ಬೊಬ್ಬರಾಗಿ ಹೊರಟರು. ಇಂದು ಉಳಿದವರು ಒಂದು ಮದುವೆಯ ಪಂಕ್ತಿಗೂ ಸಾಲರು. ಹತ್ತು ಮಂದಿ ವಯಸ್ಕ ಪುರುಷರು ಕೂಡಿದ ಹೊರತು ಅವರ ಸಂಪ್ರದಾಯದಲ್ಲಿ ಸಾಮೂಹಿಕ ಪ್ರಾರ್ಥನೆಯು ಪೂರ್ಣವಾಗದು. ಆ ಹತ್ತು ಮಂದಿಯೇ ಇಲ್ಲಿ ದುರ್ಲಭ.

ಆದರೂ ಮಂದಿರವು ಪಾಳುಬಿದ್ದಿಲ್ಲ. ಕಪ್ಪು ಬಿಳುಪು ಚೌಕಗಳ ನೆಲವು ಕನ್ನಡಿಯಂತಿದ್ದಿತು. ಬಣ್ಣದ ಗಾಜಿನ ಕಿಟಕಿಗಳಿಂದ ಬೆಳಕು ಅದರ ಮೇಲೆ ಬಿದ್ದಿದ್ದಿತು. ಬಾಗಿಲು ತೆರೆದು ನಮ್ಮನ್ನು ಒಳಗೆ ಕರೆದುಕೊಂಡು ಹೋದವರು ಒಡಿಶಾ ರಾಜ್ಯದಿಂದ ಬಂದ ಮುಸಲ್ಮಾನರು. ಇಲ್ಲಿಯ ಯೆಹೂದ್ಯ ಮಂದಿರಗಳ ಪಾಲನೆಯು ತಲೆಮಾರುಗಳಿಂದ ಅಂಥ ಮನೆತನಗಳ ಕೈಯಲ್ಲಿಯೇ ಇದೆ. ತಲೆಗೆ ಹೊದೆಯಲು ಗಂಡಸರಿಗೆ ಟೋಪಿಗಳನ್ನು ಕೊಟ್ಟು, ದೀಪಗಳನ್ನೂ ಧರ್ಮಗ್ರಂಥದ ಪೆಟ್ಟಿಗೆಯ ಸ್ಥಾನವನ್ನೂ ಅವರು ತಮ್ಮವೆಂಬಷ್ಟು ಆದರದಿಂದ ತೋರಿಸಿದರು. ನಮ್ಮೊಡನೆ ಬಂದಿದ್ದ ಸೋದರತ್ತೆಯವರು ತಮಗೆ ಬಂದಷ್ಟು ಹಿಂದಿಯಲ್ಲಿ, “ಪೂಜೆಗೆ ಜನರೇ ಬಾರದಿರುವಾಗ ದಿನವೂ ಯಾರಿಗಾಗಿ ಗುಡಿಸುತ್ತೀರಪ್ಪ?” ಎಂದು ಕೇಳಿದರು. “ದೇವರ ಮನೆಯಲ್ಲವೇ, ತಾಯಿ? ಜನ ಬಾರದಿದ್ದರೂ ಧೂಳು ಬರುತ್ತದೆ” ಎಂದು ಆ ಹಿರಿಯರು ನಕ್ಕರು. ಅತ್ತೆಯವರು ಮರುಮಾತಾಡದೆ ಕೈಮುಗಿದರು. ೧೮೮೧ರಲ್ಲಿ ಯೆಹೂದ್ಯರು ತಮ್ಮ ಹೆಣ್ಣುಮಕ್ಕಳಿಗಾಗಿ ತೆರೆದ ಶಾಲೆಯಲ್ಲಿಯೂ ಈಗ ಓದುತ್ತಿರುವವರು ಬಹುಪಾಲು ಮುಸಲ್ಮಾನರ ಹುಡುಗಿಯರೇ.

ಇದನ್ನು ಕಂಡು, ಈ ನಗರದಲ್ಲಿ ಎಲ್ಲರೂ ಎಂದೆಂದಿಗೂ ಅಣ್ಣತಮ್ಮಂದಿರಂತೆ ಬಾಳಿದರೆಂದು ಬರೆದುಬಿಡುವುದು ಸುಲಭ. ಅದು ಸತ್ಯವಾಗದು. ಹಿಂದಿರುಗುವಾಗ ನಾವು ರವೀಂದ್ರ ಸರಣಿಯಲ್ಲಿ ನಾಖೋದಾ ಮಸೀದಿಯ ಮುಂದೆ ನಿಂತೆವು. ನಾಖೋದಾ ಎಂದರೆ ನಾವಿಕ. ಸಿಕಂದರಾದಲ್ಲಿರುವ ಅಕ್ಬರನ ಸಮಾಧಿಯನ್ನು ಅನುಸರಿಸಿ ಕಚ್ಛಿ ಮೇಮನ್ ಸಮಾಜದವರು ೧೯೨೬ರಲ್ಲಿ ಅಡಿಗಲ್ಲಿಟ್ಟು ಕಟ್ಟಿಸಿದ ಕೆಂಪುಗಲ್ಲಿನ ಭವ್ಯ ಕಟ್ಟಡವಿದು. ಎದುರಿಗೆ ಅತ್ತರಿನ ಅಂಗಡಿಗಳು. ಬದಿಯಲ್ಲಿ ಮಾರವಾಡಿಗಳ ಬಡಾಬಜಾರು. ಇದೇ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಠಾಕೂರರ ಮನೆತನದ ಜೋಡಾಸಾಂಕೋ, ಅದರಾಚೆಗೆ ದುರ್ಗೆಯ ಮೂರ್ತಿಗಳನ್ನು ಮಾಡುವ ಕುಂಬಾರರ ಕುಮಾರಟುಲಿ. ಇಂಥ ನಗರದಲ್ಲಿಯೇ ೧೯೪೬ರ ಆಗಸ್ಟಿನಲ್ಲಿ ನೆರೆಯವರು ನೆರೆಯವರನ್ನು ಕೊಂದರು. ಸಾವಿರಾರು ಜನ ಸತ್ತರು. ಗೋಡೆಗೆ ಗೋಡೆ ತಾಗಿ ಬಾಳುವುದರಿಂದಲೇ ಸ್ನೇಹವು ಹುಟ್ಟುವುದಿಲ್ಲ. ದಿನವೂ ಗುಡಿಸುವ ಕೈಯೊಂದು ಬೇಕು. ಆ ಕೈ ನಿಂತರೆ ಧೂಳು ತುಂಬುವುದಕ್ಕೆ ಬಹುಕಾಲ ಬೇಡ.

ಅಲ್ಲಿಗೆ ಹೋಗಬೇಕೆನ್ನುವ ವಾಚಕರಿಗೆ ಎರಡು ಮಾತು. ಚೀನೀ ಉಪಾಹಾರಕ್ಕೆ ಭಾನುವಾರ ಆರು ಗಂಟೆಗೇ ಹೋಗಿರಿ. ಶನಿವಾರವು ಯೆಹೂದ್ಯರ ವಿಶ್ರಾಂತಿಯ ದಿನವಾದುದರಿಂದ ಅಂದು ಮಂದಿರವನ್ನು ನೋಡಹೋಗಬೇಡಿರಿ. ಬೇರೆ ದಿನಗಳಲ್ಲಿಯೂ ಪ್ರವೇಶದ ನಿಯಮವನ್ನು ಮೊದಲೇ ವಿಚಾರಿಸಿಕೊಂಡು, ಗುರುತಿನ ಚೀಟಿಯನ್ನು ಜೊತೆಯಲ್ಲಿಟ್ಟುಕೊಳ್ಳಿರಿ. ಕೇಳದೆ ಯಾರ ಚಿತ್ರವನ್ನೂ ತೆಗೆಯಬೇಡಿರಿ. ಬಿಡುವಿದ್ದರೆ ಹೊಸ ಮಾರುಕಟ್ಟೆಯಲ್ಲಿ, ಬಾಗ್ದಾದೀ ಯೆಹೂದ್ಯರೊಬ್ಬರು ೧೯೦೨ರಲ್ಲಿ ಆರಂಭಿಸಿದ ನಹೂಮ್ ಕೇಕಿನ ಅಂಗಡಿಗೂ ಹೋಗಿಬನ್ನಿರಿ. ಕ್ರಿಸ್ತಜಯಂತಿಯ ದಿನಗಳಲ್ಲಿ ಎಲ್ಲ ಮತದವರೂ ಅಲ್ಲಿ ಸಾಲುಗಟ್ಟಿ ನಿಲ್ಲುವರು.

ಅಷ್ಟು ದೂರ ಹೋಗಲು ಅನುಕೂಲವಿಲ್ಲದವರು ಮರುಗಬೇಕಾಗಿಲ್ಲ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಧರ್ಮರಾಯನ ಕರಗವು ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುವುದನ್ನು ನಮ್ಮಲ್ಲಿ ಎಷ್ಟು ಮಂದಿ ಮಕ್ಕಳಿಗೆ ತೋರಿಸಿದ್ದೇವೆ? ಮುಂದಿನ ಚೈತ್ರದ ಹುಣ್ಣಿಮೆಯ ರಾತ್ರಿ ಅವರನ್ನು ಎಚ್ಚರವಾಗಿಟ್ಟು ಕರೆದುಕೊಂಡು ಹೋಗಬಹುದು.