ನಮ್ಮ ಮನೆಗೆ ಬಂದ ಆಯುಧ

ಶರಣ ಬಂಧುಗಳ ಮನೆಮನೆಗೂ ತಲುಪುವ ಈ ಪತ್ರಿಕೆಯಲ್ಲಿ ರಿವಾಲ್ವರಿನ ಕಥೆಯೇ ಎಂದು ಓದುಗರು ಹುಬ್ಬೇರಿಸಬಹುದು. ಆದರೆ ಕೃಷಿಯ ನೆಪದಲ್ಲಿಯೋ ವ್ಯಾಪಾರದ ನೆಪದಲ್ಲಿಯೋ ಪರವಾನಗಿ ಪಡೆದ ಬಂದೂಕುಗಳು ನಮ್ಮ ಭಾಗದ ಅನೇಕ ಮನೆಗಳಲ್ಲಿ ಇವೆ. ಅವುಗಳ ಬಗ್ಗೆ ಯಾರೂ ಮಾತನಾಡುವುದಿಲ್ಲ, ಅಷ್ಟೇ. ನಾನು ನನ್ನ ಅನುಭವವನ್ನು ಇದ್ದದ್ದು ಇದ್ದ ಹಾಗೆ ನಿವೇದಿಸಿಕೊಳ್ಳುತ್ತೇನೆ.

ನಾನು ಸುಮಾರು ನಾಲ್ಕು ದಶಕ ಕಾಲ ಅಡತಿ ವ್ಯಾಪಾರ ಮಾಡಿದವನು. ಮನೆ ಮತ್ತು ಅಂಗಡಿ ಹಾನಗಲ್ಲಿನಲ್ಲಿ. ಗೋವಿನಜೋಳ, ಹತ್ತಿ, ಭತ್ತದ ಖರೀದಿಗಾಗಿ ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಗೆ ಸತತ ತಿರುಗಾಟ. ಇಂದು ಹಣವೆಲ್ಲ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತದೆ. ಆಗ ಹಾಗಿರಲಿಲ್ಲ. ಮಾಲು ತೂಗಿದ ದಿನವೇ ರೈತನ ಕೈಗೆ ರೋಖ ಹಣ ಬೀಳಬೇಕಾಗಿತ್ತು. ಸುಗ್ಗಿಯ ದಿನಗಳಲ್ಲಿ ಐದಾರು ಲಕ್ಷ ರೂಪಾಯಿಗಳನ್ನು ಚೀಲದಲ್ಲಿಟ್ಟುಕೊಂಡು ರಾತ್ರಿ ಪ್ರಯಾಣ ಮಾಡುವುದು ನಮಗೆ ವಿಶೇಷವೆನಿಸುತ್ತಿರಲಿಲ್ಲ. 2017ರ ಸುಗ್ಗಿಯಲ್ಲಿ ಒಂದು ರಾತ್ರಿ ಸವಣೂರಿನಿಂದ ಶಿಗ್ಗಾಂವಿಯ ಕಡೆಗೆ ಬರುತ್ತಿದ್ದಾಗ ಎರಡು ಬೈಕುಗಳು ನಮ್ಮ ಜೀಪಿನ ಬೆನ್ನು ಹತ್ತಿದವು. ಮುಂದೆ ಹೋಗುವುದು, ನಿಧಾನಿಸುವುದು, ಒಳಗೆ ಇಣುಕುವುದು, ಮತ್ತೆ ಹಿಂದೆ ಉಳಿಯುವುದು. ಪಕ್ಕದಲ್ಲಿ ನನ್ನ ಮಗನಿದ್ದ. ಪುಣೆ-ಬೆಂಗಳೂರು ಹೆದ್ದಾರಿಯ ದೀಪಗಳು ಕಂಡೊಡನೆ ಅವರು ಕತ್ತಲಲ್ಲಿ ಮಾಯವಾದರು. ಏನೂ ಆಗಲಿಲ್ಲ. ಆದರೆ ಆ ಚೀಲದಲ್ಲಿದ್ದುದು ನನ್ನ ಹಣವಾಗಿರದೆ ಇಪ್ಪತ್ತು ಮೂವತ್ತು ರೈತರ ವರ್ಷದ ದುಡಿಮೆಯಾಗಿತ್ತು. ಮರುದಿನವೇ ರಿವಾಲ್ವರಿನ ಪರವಾನಗಿಗೆ ಅರ್ಜಿ ಹಾಕುವ ವಿಚಾರ ಗಟ್ಟಿಯಾಯಿತು.

1997ರ ಆಗಸ್ಟ್ 24ರಂದು ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವ ಮೊದಲು ಇಂಥ ಕೆಲಸಕ್ಕೆ ಧಾರವಾಡದವರೆಗೆ ಅಲೆಯಬೇಕಾಗುತ್ತಿತ್ತು. ನನಗೆ ಹಾವೇರಿಯಲ್ಲೇ ಆಯಿತೆಂಬುದೊಂದು ಸಮಾಧಾನ. 1959ರ ಆಯುಧ ಕಾಯ್ದೆಯ ಪ್ರಕಾರ ಅರ್ಜಿ ಹೋಗುವುದು ಜಿಲ್ಲಾ ದಂಡಾಧಿಕಾರಿಗಳಿಗೆ, ಅಂದರೆ ಜಿಲ್ಲಾಧಿಕಾರಿಗಳಿಗೆ. ಅಲ್ಲಿಂದ ಅದು ಪೊಲೀಸ್ ಇಲಾಖೆಗೆ ಇಳಿದು, ನಮ್ಮ ಠಾಣೆಯ ಫೌಜದಾರರ ಮೇಜಿಗೆ ಬರುತ್ತದೆ. ಅವರು ಓಣಿಯಲ್ಲಿ ವಿಚಾರಿಸುತ್ತಾರೆ. ಮನುಷ್ಯ ಕುಡಿಯುತ್ತಾನೆಯೆ, ಸಿಟ್ಟಿನವನೆ, ದಾಯಾದಿಗಳೊಡನೆ ಹೊಲದ ವ್ಯಾಜ್ಯವಿದೆಯೆ? ಈ ಪ್ರಶ್ನೆಗಳಿಗೆ ನನ್ನ ನೆರೆಹೊರೆಯವರು ಏನು ಉತ್ತರಿಸಿದರೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ವಿಚಾರಣೆ ನಡೆದ ವಾರದಲ್ಲಿ ನಾನು ಎಂದಿಗಿಂತ ಸೌಮ್ಯವಾಗಿ ಮಾತನಾಡುತ್ತಿದ್ದೆನೆಂದು ಮನೆಯವರು ನಗೆಯಾಡಿದ್ದುಂಟು. ವೈದ್ಯರ ಪ್ರಮಾಣಪತ್ರವಾಯಿತು, ಬಂದೂಕು ಬಳಕೆಯ ತರಬೇತಿಯಾಯಿತು. ನಮ್ಮ ರಾಜ್ಯದಲ್ಲಿ ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಎಂಬುದೊಂದಿದೆ. ವಕೀಲರು, ಅಡಿಕೆ ತೋಟದವರು, ಕಾಲೇಜಿನ ಹುಡುಗಿಯರು ಎಲ್ಲರೂ ಅಲ್ಲಿ ಒಂದೇ ಸಾಲಿನಲ್ಲಿ ಬೋರಲು ಮಲಗಿ ಗುರಿ ಹಿಡಿಯುತ್ತಾರೆ. ಎಲ್ಲ ಮುಗಿದು ಪುಸ್ತಕ ಕೈಗೆ ಬಂದಾಗ 2018 ಮುಗಿಯುತ್ತ ಬಂದಿತ್ತು.

ನನ್ನ ಮನಸ್ಸಿನಲ್ಲಿದ್ದುದು ದೊಡ್ಡ ಬಾಯಿಯ ರಿವಾಲ್ವರು. ಬಾಲ್ಯದಲ್ಲಿ ಊರ ಜಾತ್ರೆಗೆ ಬಂದೋಬಸ್ತಿಗೆ ಬಂದ ಫೌಜದಾರರ ಸೊಂಟದ ಮೇಲೆ ತೂಗುತ್ತಿದ್ದ ಆ ಕಪ್ಪು ಆಯುಧವನ್ನು ನೋಡಿ, ಅದರ ಬಾಯಿಯಲ್ಲಿ ನನ್ನ ಹೆಬ್ಬೆರಳು ಹಿಡಿಸೀತು ಎಂದು ಲೆಕ್ಕ ಹಾಕಿದ್ದೆ. ಹುಬ್ಬಳ್ಳಿಯ ಬಂದೂಕಿನ ಅಂಗಡಿಯ ಯಜಮಾನರು ನನ್ನ ಮಾತು ಕೇಳಿ ನಕ್ಕರು. "ಸಾವ್ಕಾರ್ರ, ಅದು ನಿಮಗೂ ಇಲ್ಲ, ನನಗೂ ಇಲ್ಲ" ಎಂದರು. ಬ್ರಿಟಿಷ್ ಸೈನ್ಯದ ವೆಬ್ಲಿ ರಿವಾಲ್ವರಿನ ಬೋರು .455, ಎಂದರೆ ಹನ್ನೊಂದೂವರೆ ಮಿಲಿಮೀಟರಿನಷ್ಟು. ಆಯುಧದ ತೂಕ ಒಂದು ಕಿಲೋಗ್ರಾಮಿಗೂ ಮಿಗಿಲು. ಅನಂತರ ಬಂದದ್ದು .38 ಬೋರು, ಆ ಮೇಲೆ 9 ಮಿಲಿಮೀಟರಿನ ಪಿಸ್ತೂಲು. ಸೈನ್ಯ ಹಾಗೂ ಪೊಲೀಸರು ಬಳಸುವ ಈ ಅಳತೆಗಳೆಲ್ಲ ನಮ್ಮ ದೇಶದಲ್ಲಿ ನಿಷೇಧಿತ ಬೋರುಗಳು. ಸರಕಾರಿ ಉಗ್ರಾಣದ ತೋಟಾ ಖಾಸಗಿಯವರ ಆಯುಧಕ್ಕೆ ಹೊಂದಬಾರದೆಂಬುದು ಇದರ ಹಿಂದಿನ ತರ್ಕ. ಸಾಮಾನ್ಯ ನಾಗರಿಕನಿಗೆ ಸುಲಭವಾಗಿ ದೊರೆಯುವುದು ಕಾನ್ಪುರದ ಸರಕಾರಿ ಕಾರ್ಖಾನೆಯ .32 ಬೋರಿನ ರಿವಾಲ್ವರು. ಗುಂಡಿನ ವ್ಯಾಸ ಎಂಟು ಮಿಲಿಮೀಟರಿನ ಆಸುಪಾಸು. ಹೊರದೇಶದ ಮಾಲು ತರಿಸುವ ಬಾಗಿಲು ಎಂಬತ್ತರ ದಶಕದಲ್ಲಿಯೇ ಬಹುಮಟ್ಟಿಗೆ ಮುಚ್ಚಿದ್ದರಿಂದ, ಮೊದಲೇ ಒಳಗೆ ಬಂದಿದ್ದ ಹಳೆಯ ವಿದೇಶಿ ರಿವಾಲ್ವರುಗಳ ಬೆಲೆ ಕೇಳಿದರೆ ಒಂದೆರಡು ಎಕರೆ ಹೊಲವನ್ನೇ ಮಾರಬೇಕು. ನನ್ನದು ಒಂದು ಜೋಡಿ ಎತ್ತುಗಳ ಬೆಲೆಯಲ್ಲಿ ಮುಗಿಯಿತು. ಅದರ ಮೇಲಿನ ಸಂಖ್ಯೆಯನ್ನು ಪರವಾನಗಿ ಪುಸ್ತಕದಲ್ಲಿ ನಮೂದಿಸಿಕೊಂಡ ಮೇಲೆಯೇ ಅದು ನನ್ನದಾಯಿತು.

ಆಯುಧ ಹಿಡಿಯುವ ಹಕ್ಕಿನ ಕುರಿತು ನಮ್ಮ ಸೀಮೆಗೆ ಒಂದು ಹಳೆಯ ನೆನಪಿದೆ. ಪ್ರಸಂಗವಶಾತ್ ಅದನ್ನು ಹೇಳಬೇಕು. 1857ರಲ್ಲಿ ಕಂಪನಿ ಸರಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದಾಗ, ಮುಧೋಳದ ಬಳಿಯ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ನವೆಂಬರಿನಲ್ಲಿ ಸೈನ್ಯ ಆ ಊರನ್ನು ಸುಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಅದರ ಲಾವಣಿಯನ್ನು ಬರೆದಿಟ್ಟುಕೊಂಡವನು ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೇ. ನಮ್ಮ ಜಿಲ್ಲೆಯ ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪನವರು ಇಬ್ಬರು ಸಂಗಾತಿಗಳೊಡನೆ ಪೊಲೀಸರ ಗುಂಡಿಗೆ ಬಲಿಯಾದರು. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಆವರಣದ ವೀರಗಲ್ಲುಗಳನ್ನು ಕಂಡವರಿಗೆ ಕತ್ತಿ ಬಿಲ್ಲುಗಳ ಮರಣ ಹೊಸದಲ್ಲ. ಆದರೆ ಆ ಕಲ್ಲುಗಳ ಮುಂದೆ ನಿಂತು ನಾನು ಯೋಚಿಸಿದ್ದು ಬೇರೆ. ಅವರೆಲ್ಲ ದನಗಳನ್ನು, ಊರನ್ನು, ನಾಡನ್ನು ಕಾಯಲು ಆಯುಧ ಹಿಡಿದವರು. ನಾನು ಒಂದು ಚೀಲವನ್ನು ಕಾಯಲು ಹಿಡಿದವನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಬಾಯಿ ಬರುವುದಿಲ್ಲ.

ಮೊದಲ ಸಲ ಅದನ್ನು ಹಾರಿಸಿದ್ದು ಒಂದು ರೈಫಲ್ ಕ್ಲಬ್ಬಿನ ಬಯಲಿನಲ್ಲಿ. ಹೊಲದಲ್ಲಿ, ಹಳ್ಳದ ದಂಡೆಯಲ್ಲಿ ಹಾರಿಸಿ ನೋಡೋಣವೆಂಬ ಗೆಳೆಯರ ಸಲಹೆಯನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿ ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಹಿರಿಯರು. ಮೊದಲ ಅರ್ಧ ತಾಸು ಅವರು ತೋಟಾವನ್ನು ಮುಟ್ಟಗೊಡಲಿಲ್ಲ. ಆಯುಧ ಕೈಗೆ ಬಂದೊಡನೆ ಅದನ್ನು ತೆರೆದು ಆರು ಮನೆಗಳೂ ಖಾಲಿ ಇವೆಯೆಂದು ಕಣ್ಣಾರೆ ಕಾಣಬೇಕು. ಈಗ ತಾನೇ ನೋಡಿ ಕೆಳಗಿಟ್ಟಿದ್ದರೂ ಮತ್ತೆ ತೆಗೆದುಕೊಂಡಾಗ ಮತ್ತೆ ನೋಡಬೇಕು. ಗುರಿಯ ಮೇಲೆ ಕಣ್ಣು ನಿಲ್ಲುವ ತನಕ ಬೆರಳು ಕುದುರೆಯ ಹೊರಗೆ. ನಳಿಗೆಯ ಬಾಯಿ ಯಾವಾಗಲೂ ಎದುರಿನ ಮಣ್ಣಿನ ದಿಬ್ಬದ ಕಡೆಗೆ, ಯಾರಾದರೂ ಕರೆದರೂ ತಿರುಗುವಂತಿಲ್ಲ. ಕಾನ್ಪುರದ ಈ ರಿವಾಲ್ವರು ಹಳೆಯ ವೆಬ್ಲಿಯ ಜಾಡಿನಲ್ಲೇ ತಯಾರಾದದ್ದು. ಮೇಲಿನ ಕೊಂಡಿಯನ್ನು ಒತ್ತಿದರೆ ನಡುವಿಗೆ ಮುರಿದಂತೆ ಬಾಗಿ, ಖಾಲಿ ಕೊಳವೆಗಳನ್ನು ಒಮ್ಮೆಗೇ ಮೇಲಕ್ಕೆ ನೂಕುತ್ತದೆ. ಅಷ್ಟರಮಟ್ಟಿಗೆ ಬಾಲ್ಯದ ಆಸೆ ತೀರಿತೆನ್ನಬಹುದು.

ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಧರಿಸಿ ನಿಂತೆ. ಕೈ ಚಾಚಿ ಹಿಡಿದಾಗ ಮುಕ್ಕಾಲು ಕಿಲೋದಷ್ಟು ಭಾರವೂ ಎರಡು ನಿಮಿಷದಲ್ಲಿ ಎರಡು ಕಿಲೋ ಆಗುತ್ತದೆ. ಕುದುರೆಯನ್ನು ಎಳೆಯಲು ಬೇಕಾದ ಬಲ ನಾನೆಣಿಸಿದ್ದಕ್ಕಿಂತ ಬಹಳ ಹೆಚ್ಚು. ಎಳೆಯುತ್ತ ಹೋದಂತೆ ಗುರಿ ಬಲಕ್ಕೆ ಜಾರುತ್ತದೆ. ಸದ್ದು ಬಂತು, ಮಣಿಕಟ್ಟು ಮೇಲಕ್ಕೆ ಜಿಗಿಯಿತು, ಮದ್ದಿನ ವಾಸನೆ ಮೂಗಿಗೆ ಅಡರಿತು. ಹದಿನೈದು ಹೆಜ್ಜೆ ದೂರದ ಕಾಗದದ ಮೇಲೆ ಆರರಲ್ಲಿ ಎರಡು ತೂತುಗಳು ಮಾತ್ರ ಬಿದ್ದಿದ್ದವು, ಅವೂ ಅಂಚಿನಲ್ಲಿ. ಹಿರಿಯರು ತಮ್ಮಲ್ಲಿದ್ದ .357 ಬೋರಿನ ಹಳೆಯ ವಿದೇಶಿ ರಿವಾಲ್ವರಿನಿಂದ ಒಂದೇ ಒಂದು ಗುಂಡು ಹಾರಿಸಿ ತೋರಿಸಿದರು. ಅದರ ಸದ್ದು ಕಿವಿಗಿಂತ ಎದೆಗೂಡಿಗೇ ಹೆಚ್ಚು ತಟ್ಟಿತು. ದೊಡ್ಡ ಬೋರಿನ ಮೇಲಿದ್ದ ನನ್ನ ಮೋಹ ಆ ಕ್ಷಣವೇ ಇಳಿಯಿತು. "ಕತ್ತಲಾಗ, ಓಡೋ ಜೀಪಿನ್ಯಾಗ ಕುಂತು, ಎದಿ ಹೊಡ್ಕೊಳ್ಳೋವಾಗ ಇದನ್ನ ಹಾರಿಸ್ತೀರೇನು?" ಎಂದು ಅವರು ಶಾಂತವಾಗಿ ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೂರು ತಿಂಗಳ ಅಭ್ಯಾಸದ ನಂತರ ಆರೂ ಗುಂಡುಗಳು ಕಾಗದಕ್ಕೆ ಬೀಳತೊಡಗಿದವು. ಪ್ರಶ್ನೆ ಹಾಗೆಯೇ ಉಳಿಯಿತು.

ಮನೆಯಲ್ಲಿ ನಡೆದದ್ದೇ ಹೆಚ್ಚಿನ ವಿಚಾರಣೆ. "ಲಿಂಗಪೂಜಿ ಮಾಡೋ ಕೋಣ್ಯಾಗ ಅದು ಬ್ಯಾಡ್ರಿ" ಎಂದು ನಮ್ಮ ಮನೆಯವರು ಮೊದಲ ದಿನವೇ ಗೆರೆ ಎಳೆದರು. ಆಯುಧ ಒಂದು ತಿಜೋರಿಗೆ, ತೋಟಾಗಳು ಬೇರೊಂದು ಪೆಟ್ಟಿಗೆಗೆ, ಎರಡರ ಕೀಲಿಗಳೂ ಬೇರೆ ಬೇರೆ ಕಡೆಗೆ ಎಂದು ಗೊತ್ತುಮಾಡಿದವರೂ ಅವರೇ. ಮೊಮ್ಮಗನಿಗೆ ಆಗ ನಾಲ್ಕು ವರ್ಷ. ಅವನು ಕೋಣೆಗೆ ಬಂದಾಗಲೆಲ್ಲ ಅವರ ಕಣ್ಣು ತಿಜೋರಿಯತ್ತ ಹೋಗುವುದನ್ನು ನಾನು ಗಮನಿಸುತ್ತಿದ್ದೆ. ಹಣದ ಚೀಲದ ಭಯವನ್ನು ಹೊರಗೆ ಇಳಿಸಿ ಬಂದವನು, ಇನ್ನೊಂದು ಭಯವನ್ನು ಒಳಗೆ ತಂದಿರಿಸಿದ್ದೆನಲ್ಲ ಎನಿಸುತ್ತಿತ್ತು.

ಮಹಾನವಮಿಯ ಖಂಡೆಪೂಜೆ ಬಂತು. ನಮ್ಮಲ್ಲಿ ಅಂದು ಕುಡಗೋಲು, ಕುಂಟೆ, ಅಂಗಡಿಯ ತಕ್ಕಡಿ, ತೂಕದ ಕಲ್ಲು, ಲೆಕ್ಕದ ಪುಸ್ತಕ ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಇಡುತ್ತೇವೆ. ಮಗ ಹುರುಪಿನಿಂದ ರಿವಾಲ್ವರನ್ನೂ ತಂದು ತಕ್ಕಡಿಯ ಪಕ್ಕಕ್ಕೆ ಇಟ್ಟ. ಆಗ ಎಂಬತ್ತೆಂಟರ ನಮ್ಮವ್ವ ವಿಭೂತಿಯ ಬಟ್ಟಲು ಹಿಡಿದು ಬಂದವಳು ಅಲ್ಲಿಯೇ ನಿಂತಳು. "ತಮ್ಮಾ, ಕುಡಗೋಲು ಬತ್ತ ಕೊಯ್ತೈತಿ, ತಕ್ಕಡಿ ಅನ್ನ ತೂಗ್ತೈತಿ. ಇದು ಏನ್ ಮಾಡ್ತೈತಿ? ಇದಕ್ಕ ವಿಭೂತಿ ಹಚ್ಚಾಕ ನನ್ನ ಕೈ ಬರೂದಿಲ್ಲ" ಎಂದಳು. ಯಾರೂ ವಾದಿಸಲಿಲ್ಲ. ಕಾಯಕದ ಸಲಕರಣೆ ಯಾವುದು, ಅಲ್ಲದ್ದು ಯಾವುದು ಎಂಬುದನ್ನು ಅಕ್ಷರ ಬಾರದ ಅವ್ವ ಅಷ್ಟು ಸರಳವಾಗಿ ಬೇರ್ಪಡಿಸಿದ್ದಳು. ಮಗ ಅದನ್ನು ಎತ್ತಿ ಒಳಗಿಟ್ಟ.

ನಾವು ನಡೆದುಕೊಳ್ಳುವ ಮಠದ ಪೂಜ್ಯರಲ್ಲಿಯೂ ಈ ವಿಷಯ ನಿವೇದಿಸಿದೆ. ಕಲ್ಯಾಣದಿಂದ ಉಳವಿಯತ್ತ ನಡೆದ ಶರಣಸಮೂಹವನ್ನು ಮಡಿವಾಳ ಮಾಚಿದೇವರು ಬೆನ್ನಿಗೆ ನಿಂತು ಕಾದರೆಂಬ ಪರಂಪರೆಯ ಮಾತನ್ನು ನಾನೇ ನನ್ನ ಪರವಾಗಿ ಎತ್ತಿದೆ. ಪೂಜ್ಯರು ನಸುನಕ್ಕು, "ಮಾಚಿದೇವರು ಕಾದದ್ದು ಶರಣರನ್ನು ಮತ್ತು ವಚನದ ಕಟ್ಟುಗಳನ್ನು. ನಿಮ್ಮ ಚೀಲದಲ್ಲಿ ಇರುವುದೇನು?" ಎಂದರು. ಇಟ್ಟುಕೊಳ್ಳಿರೆಂದೂ ಹೇಳಲಿಲ್ಲ, ಬಿಡಿರೆಂದೂ ಹೇಳಲಿಲ್ಲ. ನನಗೆ ಅಂದು ಸ್ವಲ್ಪ ಬೇಸರವೇ ಆಯಿತು. ಹಿರಿಯರು ಖಚಿತವಾಗಿ ಒಂದು ಮಾತು ಹೇಳಿಬಿಟ್ಟರೆ ನಮ್ಮಂಥವರಿಗೆ ಹಗುರ.

ಬೀಗರ ಊರಿನ ಮದುವೆಯೊಂದರಲ್ಲಿ ಮೆರವಣಿಗೆಯ ಮುಂದೆ ಒಂದು ಗುಂಡು ಮೇಲಕ್ಕೆ ಹಾರಿಸಿರೆಂದು ಹುಡುಗರು ದುಂಬಾಲು ಬಿದ್ದರು. ನಾನು ಅದನ್ನು ಮದುವೆಗೆ ತಂದೇ ಇರಲಿಲ್ಲ. 2019ರ ತಿದ್ದುಪಡಿಯ ಪ್ರಕಾರ ಹೀಗೆ ಸಂಭ್ರಮಕ್ಕೆ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಮೇಲೆ ಹೋದ ಗುಂಡು ಎಲ್ಲಿಯೋ ಇಳಿಯಲೇಬೇಕಲ್ಲ? ನಮ್ಮ ಸಮಾಜದ ಮನೆಗಳಲ್ಲಿ ಈ ಚಟ ಎಲ್ಲಿಯಾದರೂ ಇದ್ದರೆ ಹೆಣ್ಣುಮಕ್ಕಳೇ ಗಟ್ಟಿಯಾಗಿ ನಿಂತು ತಡೆಯಬೇಕೆಂದು ನನ್ನ ಪ್ರಾರ್ಥನೆ.

ಇನ್ನು ಚುನಾವಣೆಗಳು. ಚುನಾವಣೆ ಘೋಷಣೆಯಾದೊಡನೆ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂದು ಆದೇಶ ಬರುತ್ತದೆ. ಸಾಮಾನ್ಯ ಚುನಾವಣೆಗಳ ಜೊತೆಗೆ ನಮ್ಮ ಜಿಲ್ಲೆಗೆ ಉಪಚುನಾವಣೆಗಳ ಭಾಗ್ಯವೂ ಸಾಲುಸಾಲಾಗಿ ಒದಗಿತು. 2019ರ ಡಿಸೆಂಬರಿನಲ್ಲಿ ಹಿರೇಕೆರೂರು, 2021ರ ಅಕ್ಟೋಬರಿನಲ್ಲಿ ಹಾನಗಲ್ಲು, 2024ರ ನವೆಂಬರಿನಲ್ಲಿ ಶಿಗ್ಗಾಂವಿ. ನಡುವೆ 2019 ಮತ್ತು 2024ರ ಲೋಕಸಭೆ, 2023ರ ವಿಧಾನಸಭೆ. ಬೆಳೆ ಕಾಯುವ ಒಂಟಿ ನಳಿಗೆಯ ಬಂದೂಕು ಹೆಗಲಿಗೇರಿಸಿ ಬಂದ ಕಾಡಂಚಿನ ರೈತರ ಸರತಿಯಲ್ಲಿ ನಾನೂ ಬಟ್ಟೆಯಲ್ಲಿ ಸುತ್ತಿದ ಗಂಟು ಹಿಡಿದು ನಿಲ್ಲುತ್ತಿದ್ದೆ. ಅವರ ಚಿಂತೆ ನಿಜವಾದದ್ದು. ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಬಂದೂಕು ಠಾಣೆಯಲ್ಲಿದ್ದರೆ, ಕಾಡುಹಂದಿಗಳನ್ನು ಬೆದರಿಸಲು ಉಳಿಯುವುದು ತಗಡು ಮತ್ತು ಪಟಾಕಿ. ನನ್ನ ಗಂಟು ತಿಂಗಳುಗಟ್ಟಲೆ ಅಲ್ಲಿದ್ದರೂ ನನ್ನ ವ್ಯಾಪಾರಕ್ಕೆ ಒಂದು ಕಾಳಿನಷ್ಟೂ ನಷ್ಟವಾಗಲಿಲ್ಲ. ರಸೀದಿಯನ್ನು ಲೆಕ್ಕದ ಪುಸ್ತಕದಲ್ಲಿಟ್ಟು ಮರೆತುಬಿಡುತ್ತಿದ್ದೆ.

ಆ ಬೈಕುಗಳು ಮತ್ತೆ ಬರಲಿಲ್ಲ. ಹಣದ ಚೀಲವೂ ಉಳಿಯಲಿಲ್ಲ. ರೈತರ ಖಾತೆಗೆ ನೇರವಾಗಿ ಹಣ ಹಾಕುವ ಕೆಲಸವನ್ನು ಮಗ ಫೋನಿನಲ್ಲಿಯೇ ಮುಗಿಸುತ್ತಾನೆ. ಪರವಾನಗಿಯ ಅವಧಿ ಹಿಂದೆ ಮೂರು ವರ್ಷವಿದ್ದುದು 2019ರ ತಿದ್ದುಪಡಿಯಿಂದ ಐದಾಗಿದೆ. ನವೀಕರಣದ ಕಾಗದಪತ್ರಗಳನ್ನು ತೆಗೆದಿಟ್ಟಾಗ, ಆಯುಧ ಏಕೆ ಬೇಕೆಂಬ ಅಂಕಣದ ಮುಂದೆ ನನ್ನ ಲೇಖನಿ ನಿಂತಿತು. ಮಗನನ್ನು ಕರೆದು, ನಿನ್ನ ಹೆಸರಿಗೆ ಮಾಡಿಸಿಕೊಳ್ಳುವೆಯಾ ಎಂದು ಕೇಳಿದೆ. "ಬ್ಯಾಡಪ್ಪಾ, ಖಂಡೆಪೂಜಿಗಿ ಇಡಾಕ ಬರ್ಲಾರದ್ದನ್ನ ನಾ ಏನ್ ಮಾಡ್ಲಿ" ಎಂದ. ಅವ್ವ ಲಿಂಗೈಕ್ಯಳಾಗಿ ಅದಾಗಲೇ ಎರಡು ವರ್ಷವಾಗಿತ್ತು.

ಪರವಾನಗಿ ಪಡೆದ ಅಂಗಡಿಗೆ ಮಾರಲು ಅನುಮತಿ ಕೋರಿ ಜಿಲ್ಲಾಧಿಕಾರಿಗಳಿಗೆ ಬರೆದ ಅರ್ಜಿ ಕಳೆದ ವಾರ ಹಾವೇರಿಗೆ ಹೋಗಿದೆ. ಪೆಟ್ಟಿಗೆಯಲ್ಲಿ ಹತ್ತೊಂಬತ್ತು ತೋಟಾಗಳು ಉಳಿದಿವೆ. ಅವುಗಳ ಲೆಕ್ಕವನ್ನೂ ಅರ್ಜಿಯ ಜೊತೆ ಲಗತ್ತಿಸಿದ್ದೇನೆ.