ಟೈಲ್ಸ್ ಹಿಂದಿನ ಗೋಡೆ

ಗಲ್ಫಿನಲ್ಲಿದ್ದು ಊರಿನ ಮನೆ ರಿಪೇರಿ ಮಾಡಿಸುವ ನಮಗೆಲ್ಲ ಟೈಲ್ಸ್‌ನ ಬಣ್ಣ, ಡಿಸೈನು ವಾಟ್ಸಾಪಿನಲ್ಲಿ ಬರುತ್ತದೆ. ಅದರ ಹಿಂದಿನ ಗೋಡೆಯ ಫೋಟೊ ಯಾರೂ ಕಳುಹಿಸುವುದಿಲ್ಲ, ನಾವೂ ಕೇಳುವುದಿಲ್ಲ.

ಕಳೆದ ರಜೆಯಲ್ಲಿ ಪುತ್ತೂರಿನ ಮನೆಯ ಬಚ್ಚಲಿಗೆ ಶವರ್, ಟೈಲ್ಸ್ ಹಾಕಿಸಲು ಹೊರಟೆ. ಅಮ್ಮನಿಗೆ 78 ವರ್ಷ. ಸ್ನಾನ ಮಾಡುವಾಗ ಹಿಡಿದುಕೊಳ್ಳಲು ಗೋಡೆಗೆ ಒಂದು ಸ್ಟೀಲ್ ಹಿಡಿಕೆಯೂ ಬೇಕಿತ್ತು. ಕೆಂಪು ಕಲ್ಲಿನ ಹಳೆಯ ಗೋಡೆ. ಎರಡು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿದರೆ ನಡುವೆ 18 ಮಿಲಿಮೀಟರ್ ಸಂದು. ಮೇಸ್ತ್ರಿ ನಕ್ಕರು: “ಅದನ್ನು ಗಮ್ಮಿನಲ್ಲಿ ಸರಿ ಮಾಡುವ ಅಣ್ಣ. ಟೈಲ್ಸ್ ಕೂತ ಮೇಲೆ ಯಾರಿಗೆ ಕಾಣ್ತದೆ?”

ಫಾರ್ಮಸಿ ಡಿಪ್ಲೊಮಾ ಓದುವಾಗ, ಔಷಧ ತೂಗುವ ಮೊದಲು ತಕ್ಕಡಿಯ ಮಟ್ಟದ ಗುಳ್ಳೆ ನಡುವೆ ಇದೆಯೇ ಎಂದು ನೋಡಲು ಕಲಿಸಿದ್ದರು. ಅದು ತಪ್ಪಿದ್ದರೆ ಮುಂದೆ ಎಷ್ಟು ಜಾಗ್ರತೆ ಮಾಡಿಯೂ ಉಪಯೋಗವಿಲ್ಲ. ಮೇಸ್ತ್ರಿಯ ರಸಮಟ್ಟದಲ್ಲಿರುವುದೂ ಅದೇ ಗುಳ್ಳೆ. ಗಮ್ಮು ಇರುವುದು ಟೈಲ್ಸ್ ಅಂಟಿಸಲಿಕ್ಕೆ, ಗುಂಡಿ ತುಂಬಲಿಕ್ಕಲ್ಲ. ಮುದ್ದೆ ಮುದ್ದೆ ಹಚ್ಚಿದರೆ ಹಿಂದೆ ಟೊಳ್ಳು ಉಳಿದು ಅಲ್ಲಿ ನೀರು ಸೇರುತ್ತದೆ. ಟೊಳ್ಳು ಗಾರೆಯಲ್ಲಿ ಹಿಡಿಕೆಯ ಸ್ಕ್ರೂ ನಿಲ್ಲುವುದೂ ಇಲ್ಲ.

ಮೇಸ್ತ್ರಿಗೆ ಇಷ್ಟು ಹೇಳಿದ ಮೇಲೆ ಅವರು ಮಾತಾಡಲಿಲ್ಲ, ಸುತ್ತಿಗೆ ತೆಗೆದುಕೊಂಡರು. ಗೋಡೆಯನ್ನು ತಟ್ಟುತ್ತಾ ಹೋಗಿ ಟೊಳ್ಳು ಸದ್ದು ಬಂದಲ್ಲೆಲ್ಲ ಹಳೆಯ ಗಾರೆ ಕಿತ್ತರು. ಧೂಳು ತೊಳೆದು, ಗೋಡೆ ನೆನೆಸಿ, ತೂಗುಗುಂಡು ಇಳಿಬಿಟ್ಟು ಅಲ್ಲಲ್ಲಿ ಗುರುತು ಕೂರಿಸಿದರು. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು. ತಗ್ಗಿದ್ದ ಕಡೆ ಒಂದೇ ಸಲ ದಪ್ಪ ಮೆತ್ತದೆ ಎರಡು ಪದರ. ಮೊದಲನೆಯದು ಹಸಿ ಇರುವಾಗಲೇ ಗೀರು ಹಾಕಿದರು, ಮೇಲಿನದು ಕಚ್ಚಿಕೊಳ್ಳಲೆಂದು. ಆಮೇಲೆ ಏಳು ದಿನ ನೀರು ಹಾಯಿಸುವುದು. ಅದು ಒಣಗಿದ ಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟು, ಮೂಲೆಗಳಿಗೆ ಬಲೆಪಟ್ಟಿ.

ನನ್ನ ರಜೆ ಉಳಿದಿದ್ದದ್ದು ಒಂಬತ್ತೇ ದಿನ. “ನೀನು ಇರುವಾಗಲೇ ಮುಗಿದಿದ್ದರೆ ಒಳ್ಳೆದಿತ್ತು ಮಗಾ,” ಎಂದರು ಅಮ್ಮ. ನನಗೂ ಹಾಗೇ ಅನಿಸಿತ್ತು. ಆದರೂ ಬೂದು ಬಣ್ಣದ ಬರೀ ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹಾಕಿ, ಟೈಲ್ಸ್ ನೋಡದೆಯೇ ವಿಮಾನ ಹತ್ತಿದೆ. ಈಗ ಅಮ್ಮ ದಿನಾ ಹಿಡಿಕೆ ಹಿಡಿದೇ ಸ್ನಾನ ಮಾಡುತ್ತಾರೆ.

ನೀವೂ ಊರಿನಲ್ಲಿ ಕೆಲಸ ಮಾಡಿಸುವವರಾದರೆ, ಟೈಲ್ಸ್ ಹಾಕುವ ಹಿಂದಿನ ದಿನ ಗೋಡೆಗೆ ಪಟ್ಟಿ ಹಿಡಿದು ವಿಡಿಯೊ ಕಳುಹಿಸಲು ಹೇಳಿ. ಎರಡು ಮೀಟರಿಗೆ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಕಂಡರೆ, ಟೈಲ್ಸ್ ಪೆಟ್ಟಿಗೆ ಇನ್ನೂ ಒಡೆಯಬೇಡಿ ಎನ್ನಿ.