ಪುಣೆಯ ಮಸ್ತಾನಿ, ಧಾರವಾಡದ ಆಪೂಸು

ಮೇ ತಿಂಗಳಲ್ಲಿ ಪುಣೆಯ ಸದಾಶಿವ ಪೇಠೆಗೆ ಹೋಗಿ ಮಾವಿನ ಮಸ್ತಾನಿ ಕುಡಿಯದೆ ಬಂದವರುಂಟೆ? ಹಣ್ಣು ಬೆರೆಸಿದ ದಪ್ಪ ಹಾಲು, ಮೇಲೊಂದು ಉಂಡೆ ಐಸ್‌ಕ್ರೀಂ. ಮೊದಲು ಚಮಚ, ಆಮೇಲೆ ಲೋಟ.

ಮನೆಯಲ್ಲೂ ಮಾಡಬಹುದು, ಮಕ್ಕಳೇ. ಎರಡು ಆಪೂಸಿನ ತಿರುಳು, ಒಂದು ಲೋಟ ತಣ್ಣನೆಯ ಗಟ್ಟಿ ಹಾಲು, ಎರಡು ಚಮಚ ಸಕ್ಕರೆ ಮಿಕ್ಸಿಗೆ ಹಾಕಿ ತಿರುವಿ. ಮಂಜುಗಡ್ಡೆ ಬೇಡ, ನೀರಾಗುತ್ತದೆ. ಕೊನೆಗೆ ಐಸ್‌ಕ್ರೀಂ.

ಆದರೆ ಹಣ್ಣು ಎಲ್ಲಿಯದು? ನಮ್ಮ ಧಾರವಾಡದ ಆಪೂಸು ಇಲ್ಲಿಗೆ ತುಸು ತಡವಾಗಿ, ಅಗ್ಗವಾಗಿ ಬರುತ್ತದೆ. ಕೆಲವರು ಅದನ್ನೇ ರತ್ನಾಗಿರಿಯದೆಂದು ಹೆಚ್ಚಿನ ಬೆಲೆಗೆ ಮಾರುತ್ತಾರೆ. 2018ರಲ್ಲಿ ಕೊಂಕಣದ ಹಾಪೂಸಿಗೆ ಭೌಗೋಳಿಕ ಗುರುತು ಸಿಕ್ಕ ಮೇಲೂ ಇದು ನಿಂತಿಲ್ಲ. ಅಜ್ಜಿಯ ಊರಿನ ಹಣ್ಣು ಬೇರೆ ಊರಿನ ಹೆಸರಿನಲ್ಲಿ ನಿಮ್ಮ ಲೋಟಕ್ಕೆ ಬರುವುದು ನನಗಂತೂ ಸರಿಬೀಳದು. “ಕರ್ನಾಟಕದ್ದು ಇದೆಯೇ?” ಎಂದು ಬಾಯಿಬಿಟ್ಟು ಕೇಳಿ. ಅಂದಹಾಗೆ, ಮೈಸೂರು ಕಡೆಯ ಅಜ್ಜಿ ಇದನ್ನೇ ಬಾದಾಮಿ ಎಂದಾರು, ತಬ್ಬಿಬ್ಬಾಗಬೇಡಿ.